ಗಾಣಗಾಪುರದಲ್ಲಿ ಬಿಟ್ಟು ಬಂದ ನಾಯಿ

ಪರೀಕ್ಷೆ ಮುಗಿಸಿ ಅಫಜಲಪುರದ ಮನೆಗೆ ಬಂದಾಗ ನಮ್ಮ ಮುದಿ ನಾಯಿ ಇರಲಿಲ್ಲ. ಅಪ್ಪ ಅದನ್ನು ಹಿಂದಿನ ವಾರ ದತ್ತಕ್ಷೇತ್ರವಾದ ಗಾಣಗಾಪುರದಲ್ಲಿ ಬಿಟ್ಟು ಬಂದಿದ್ದರು. ದತ್ತಾತ್ರೇಯನ ಪಟದಲ್ಲಿ ನಾಯಿಗಳಿರುವುದರಿಂದ ಭಕ್ತರು ಅಲ್ಲಿಯ ಬೀದಿನಾಯಿಗಳನ್ನೂ ಕರೆದು ಉಣಿಸುತ್ತಾರೆ.

“ಪುಣ್ಯಾ ಮಾಡ್ಯಾದ ಅದು. ದಿನಾ ಹೋಳಿಗಿ ತಿನ್ನಾಕತ್ತಿರತದ. ನಿನಗ್ಯಾಕ ಸಿಟ್ಟು?” ಎಂದರು ಅಪ್ಪ.

ನಾಯಿಯ ಹಲ್ಲುಗಳು ಉದುರಿದ್ದವು. ನಾನು, ನಾನಿಲ್ಲದಾಗ ಅವ್ವ, ರೊಟ್ಟಿಯನ್ನು ಹಾಲಿನಲ್ಲಿ ಕಿವುಚಿ ಕೊಡುತ್ತಿದ್ದೆವು. ಅದು ತಿನ್ನುವುದನ್ನು ಅಪ್ಪ ಒಮ್ಮೆಯೂ ನೋಡಿರಲಿಲ್ಲ.

ಮರುದಿನ ಬೆಳಿಗ್ಗೆ ನಾನೊಬ್ಬಳೇ ಬಸ್ಸಿನಲ್ಲಿ ಹೋದೆ. ಗುಡಿಯ ಬೀದಿಯ ತುಂಬ ನಾಯಿಗಳಿದ್ದವು, ಅವುಗಳ ಮುಂದೆ ಒಣ ರೊಟ್ಟಿಯ ಚೂರುಗಳಿದ್ದವು. ತೆಂಗಿನಕಾಯಿ ಮಾರುವವಳಿಗೆ ಗುರುತು ಹೇಳಿದೆ: ಕಂದು ಬಣ್ಣ, ಎಡಗಿವಿ ಹರಿದಿದೆ, ಕರೆದರೆ ನಿಧಾನ ಬರುತ್ತದೆ.

“ಹುಡ್ಕಾಕ ಬಂದೀರೇನ್ರಿ? ಇಲ್ಲಿಗಿ ಮಂದಿ ಬಿಟ್ಟು ಹೋಗಾಕ ಬರ್ತಾರ್ರಿ” ಎಂದು ನಕ್ಕಳು.

ಸಂಗಮದವರೆಗೂ ನಡೆದು ಹುಡುಕಿದೆ. ಸಿಗಲಿಲ್ಲ. ಸಂಜೆ ಮನೆಗೆ ಬಂದು ಚಪ್ಪಲಿ ಬಿಡುತ್ತಿದ್ದಾಗ ಅಪ್ಪ ಕೇಳಿದರು, “ದರ್ಶನ ಚಲೋ ಆತೇನವಾ?”

ಗುಡಿಯೊಳಗೆ ಹೋಗಲಿಲ್ಲ ಎಂದೆ. ಮಗಳು ಅಷ್ಟು ದೂರ ಹೋಗಿ ಕೈಮುಗಿಯದೆ ಬಂದಳಲ್ಲ ಎಂದು ಅವರು ನಿಜವಾಗಿಯೂ ನೊಂದುಕೊಂಡರು.