ಅಳತೆಗೆ ತಕ್ಕ ಕೋವಿ

ನಾನು ಕೊಡಗಿನವಳೆಂದು ತಿಳಿದಂದಿನಿಂದ ದೋಹಾದ ನಮ್ಮ ಆಫೀಸಿನ ಕತಾರಿ ಮ್ಯಾನೇಜರ್‌ಗೆ ಕೋವಿಯ ವಿಷಯದಲ್ಲಿ ನಾನೇ ಪಂಡಿತೆ. ತಮ್ಮ ಮಗಳಿಗೆ ಬೇಟೆ ಕಲಿಸಲು ಮೊದಲ ಕೋವಿ ಕೊಳ್ಳುವಾಗ ನನ್ನನ್ನೂ ಅಂಗಡಿಗೆ ಕರೆದರು.

ಹನ್ನೆರಡರ ಹುಡುಗಿ ಎರಡು ಕೋವಿಗಳನ್ನು ಹೆಗಲಿಗಿಟ್ಟು ನೋಡಿದಳು. ಒಂದು ಗಿಡ್ಡ, ಹಗುರ. ಇನ್ನೊಂದನ್ನು ಹಿಡಿದಾಗ ಅವಳ ಕತ್ತು ಕೊಕ್ಕರೆಯಂತೆ ಮುಂದೆ ಚಾಚಿತು.

"ಉದ್ದದ್ದೇ ಇರಲಿ ಸರ್, ಬೆಳೆಯೋ ಮಗು," ಎಂದೆ. ಹಿಂದಿನ ದಿನ ಓಲ್ಡ್ ಏರ್‌ಪೋರ್ಟ್ ಬಡಾವಣೆಯ ಅಂಗಡಿಯಲ್ಲಿ ನನ್ನ ಮಗಳ ಯೂನಿಫಾರ್ಮಿಗೂ ಇದೇ ಮಾತು ಹೇಳಿದ್ದೆ.

"ಮಾಫಿ ಫಾಯ್ದಾ, ಪ್ರಯೋಜನ ಇಲ್ಲ ಸಿಸ್ಟರ್," ಎಂದರು ಮ್ಯಾನೇಜರ್. " ಅಳತೆ ಮೀರಿದ ಕೋವಿ ಹೆಗಲಿಗೆ ಒದೆಯುತ್ತೆ. ಆಮೇಲೆ ಪ್ರತಿ ಸಲವೂ ಗುಂಡು ಹಾರೋ ಮೊದಲೇ ಕಣ್ಣು ಮುಚ್ತಾಳೆ. ಈ ಹಗುರದ್ದು ಇವಳಿಗೆ ಗಿಡ್ಡ ಆದಾಗ ತಂಗಿಗೆ ಕೊಟ್ಟರೆ ಖಲಾಸ್."

ನನಗೆ ಸಿಟ್ಟು ಬಂತು. ಮತ್ತೆ ನನ್ನನ್ನೇಕೆ ಕರೆದಿರಿ ಎಂದು ಕೇಳಬೇಕೆನಿಸಿತು. ನಮ್ಮ ಮನೆಯಲ್ಲಿ ಇದ್ದದ್ದು ತಾತನ ಕಾಲದ ಒಂದೇ ಕೋವಿ. ಅದನ್ನು ಯಾರೂ ನಮ್ಮ ಅಳತೆಗೆ ಆರಿಸಿರಲಿಲ್ಲ. ಅದರ ಅಳತೆಗೆ ನಾವೇ ಬೆಳೆಯಬೇಕಿತ್ತು. ಕೈಲ್‌ಪೊಳ್ದ್ ಹಬ್ಬದಲ್ಲಿ ಮರದ ತುದಿಯ ತೆಂಗಿನಕಾಯಿಗೆ ಗುರಿಯಿಡುವಾಗ ನಾನು ಕಣ್ಣು ಮುಚ್ಚುತ್ತಿದ್ದೆ. ಹೆದರುಪುಕ್ಕಲಿ ಎಂದು ಎಲ್ಲರೂ ನಗುತ್ತಿದ್ದರು. ನಾನೂ ಇಷ್ಟು ವರ್ಷ ಹಾಗೆಂದೇ ನಂಬಿದ್ದೆ.

ಗಿಡ್ಡ ಕೋವಿಯನ್ನೇ ಕೊಂಡರು.

ಮನೆಗೆ ಬಂದಾಗ ಮಗಳು ಹೊಸ ಯೂನಿಫಾರ್ಮ್ ತೊಟ್ಟು ಕನ್ನಡಿಯ ಮುಂದೆ ನಿಂತಿದ್ದಳು. ಅಂಗಿಯ ತೋಳುಗಳಿಂದ ಕೈಬೆರಳೇ ಹೊರಗೆ ಕಾಣುತ್ತಿರಲಿಲ್ಲ. ನನ್ನ ಮುಖ ನೋಡಿ, "ಪರವಾಗಿಲ್ಲ ಅಮ್ಮ, ನೆಕ್ಸ್ಟ್ ಇಯರ್ ನಾನು ಸರಿಯಾಗ್ತೀನಿ," ಎಂದಳು.