ಖೈತಾನಿನಲ್ಲಿ ಅರ್‌ಹು ಪಾಠ

ಮೇಲಿನ ಮನೆಯ ಹೆಂಗಸು ದಿನಾ ಅಳುತ್ತಾಳೆ ಎಂದೇ ನಾನು ನಂಬಿದ್ದೆ. 1990ರ ಜನವರಿ. ಕುವೈತಿನ ಖೈತಾನ್ ಬಡಾವಣೆಯಲ್ಲಿ ಚಳಿ ಚೆನ್ನಾಗಿಯೇ ಹಿಡಿದಿತ್ತು. ಮಧ್ಯಾಹ್ನ ಊಟ ಮುಗಿಸಿ ನಾನು ರಜಾಯಿ ಎಳೆದುಕೊಳ್ಳುವ ಹೊತ್ತಿಗೆ ಸರಿಯಾಗಿ ಸೂರಿನ ಮೇಲಿಂದ ಸಣ್ಣ ದನಿಯ ಅಳು ಕೇಳಿಸುತ್ತಿತ್ತು. ಒಮ್ಮೆ ಬಿಕ್ಕುವುದು, ತಡೆಯುವುದು, ಆಮೇಲೆ ರಾಗವಾಗಿ ಎಳೆಯುವುದು. ಆ ಮನೆಗೆ ಚೀನಾದ ದಂಪತಿ ಬಂದು ಕೆಲವು ವಾರಗಳಾಗಿದ್ದವು. ಗಂಡ ಕಟ್ಟಡ ಕಟ್ಟುವ ಕಂಪನಿಯಲ್ಲಿ ಎಂಜಿನಿಯರ್ ಎಂದು ಕಾವಲುಗಾರ ಹೇಳಿದ್ದ.

"ಪಾಪ ರೀ, ಭಾಷೆ ಬರಲ್ಲ, ಜನ ಗೊತ್ತಿಲ್ಲ, ಒಬ್ಬಳೇ ಕೂತು ಅಳ್ತಾಳೆ" ಎಂದೆ ನನ್ನ ಗಂಡನಿಗೆ.

ಅವರು ಬ್ಯಾಂಕಿನಿಂದ ಬಂದು ಟೈ ಬಿಚ್ಚುತ್ತಿದ್ದರು. "ನೀನೂ ಬಂದ ಹೊಸದ್ರಲ್ಲಿ ಹಾಗೇ ಅತ್ತಿದ್ದೆ. ಹೋಗಿ ಮಾತಾಡಿಸ್ಕೊಂಡು ಬಾ. ಬರೀ ಕೈಯಲ್ಲಿ ಹೋಗ್ಬೇಡ."

ಮರುದಿನ ಕೇಸರಿಬಾತ್ ಮಾಡಿ, ಗೋಡಂಬಿ ತುಸು ಧಾರಾಳವಾಗಿಯೇ ಹಾಕಿ, ಅಳು ಶುರುವಾದ ಕೂಡಲೇ ಮೆಟ್ಟಿಲು ಹತ್ತಿದೆ. ಗಂಟೆ ಒತ್ತಿದೆ. ಅಳು ನಿಂತಿತು. ಬಾಗಿಲು ತೆರೆದವಳು ಗಿಡ್ಡ ಕೂದಲಿನ, ಗುಂಡು ಮುಖದ, ನನಗಿಂತ ಹತ್ತು ವರ್ಷ ದೊಡ್ಡವಳಿರಬಹುದಾದ ಹೆಂಗಸು. ಕಣ್ಣಿನಲ್ಲಿ ಒಂದು ಹನಿ ನೀರಿಲ್ಲ. ಎಡಗೈಯಲ್ಲಿ ಉದ್ದ ಕೋಲಿಗೆ ಚಿಕ್ಕ ಡಬ್ಬಿ ಸಿಕ್ಕಿಸಿದಂಥ ಒಂದು ವಾದ್ಯ, ಅದಕ್ಕೆ ಜೋತುಬಿದ್ದ ಒಂದು ಕಮಾನು.

ಪಿಟೀಲು ಕಲಿತು, ಶುಕ್ರವಾರಗಳಂದು ನಮ್ಮ ಹಜಾರದಲ್ಲಿ ನಮ್ಮವರ ಮಕ್ಕಳಿಗೆ ಪಿಟೀಲು ಹೇಳಿಕೊಡುತ್ತಿದ್ದವಳು ನಾನು. ತಂತಿಯ ಮೇಲೆ ಕಮಾನು ಎಳೆಯುವ ಸದ್ದನ್ನು ಹೆಣ್ಣಿನ ಅಳು ಎಂದುಕೊಂಡಿದ್ದೆನಲ್ಲ! ನಗು ತಡೆಯಲಾಗಲಿಲ್ಲ. ಆಕೆಗೂ ಏನೆಂದು ತಿಳಿಯದೆಯೇ ನಗು ಬಂತು. ನಮ್ಮ ಪರಿಚಯವಾದದ್ದು ಹಾಗೆ.

ಆಕೆ ತನ್ನ ಊರಿನಲ್ಲಿ ಶಾಲೆಯ ಸಂಗೀತದ ಮೇಡಮ್. ವಾದ್ಯದ ಹೆಸರು ಅರ್‌ಹು. ಅರ್ ಎಂದರೆ ಎರಡು ಎಂದು ಬೆರಳೆತ್ತಿ ತೋರಿಸಿದರು. ಇರುವುದು ಎರಡೇ ತಂತಿ. ಬೆರಳು ಒತ್ತಲು ಹಿಂದೆ ಹಲಗೆ ಇಲ್ಲ, ಗಾಳಿಯಲ್ಲಿರುವ ತಂತಿಯನ್ನೇ ಮುಟ್ಟಬೇಕು. ಎಲ್ಲಕ್ಕಿಂತ ವಿಚಿತ್ರವೆಂದರೆ, ಕಮಾನಿನ ಕೂದಲು ಎರಡು ತಂತಿಗಳ ನಡುವೆ ಸಿಕ್ಕಿಕೊಂಡೇ ಇರುತ್ತದೆ, ಹೊರಗೆ ತೆಗೆಯುವ ಹಾಗೇ ಇಲ್ಲ. ಆಚೆ ಒತ್ತಿದರೆ ಒಂದು ತಂತಿ, ಈಚೆ ಎಳೆದರೆ ಇನ್ನೊಂದು.

ಒಂಬತ್ತು ವರ್ಷದ ನನ್ನ ಮಗಳು ಪಿಟೀಲು ಎಂದರೆ ಹೊಟ್ಟೆನೋವು ಎನ್ನುತ್ತಿದ್ದವಳು. ಒಂದು ದಿನ ನನ್ನ ಹಿಂದೆ ಮೇಲೆ ಬಂದು ಅರ್‌ಹು ನೋಡಿದಳು, ಮುಟ್ಟಿದಳು, ಮನೆಗೆ ಬಂದು ಘೋಷಿಸಿದಳು: "ಅಮ್ಮ, ಐ ವಾಂಟ್ ಟು ಲರ್ನ್ ದಟ್."

"ಮನೇಲಿ ಪಿಟೀಲಿದೆಯಲ್ಲೇ!"

"ದಟ್ ಈಸ್ ಯುವರ್ಸ್. ದಿಸ್ ಈಸ್ ಡಿಫರೆಂಟ್."

ನಾನು ಕನ್ನಡದಲ್ಲಿ ಎಷ್ಟು ಬೈದರೂ ಅವಳು ಇಂಗ್ಲಿಷಿನಲ್ಲೇ ಗೆಲ್ಲುತ್ತಿದ್ದಳು. ಹೋಗಿ ಮೇಡಮ್ಮನ್ನು ಕೇಳಿದೆ. ಅವರು ಒಪ್ಪಿದರು, ಒಂದು ಷರತ್ತಿನ ಮೇಲೆ. ನನ್ನತ್ತ ಬೆರಳು ಮಾಡಿ "ಸಿಸ್ಟರ್ ಆಲ್ಸೋ" ಎಂದರು. ತಾಯಿಯೂ ಕಲಿಯಬೇಕು, ಇಲ್ಲದಿದ್ದರೆ ಮನೆಯಲ್ಲಿ ಅಭ್ಯಾಸ ಮಾಡಿಸುವವರು ಯಾರು? ನಾನು ಒಳಗೊಳಗೇ ಬೀಗಿದೆ. ಹತ್ತಿಪ್ಪತ್ತು ವರ್ಷ ಪಿಟೀಲು ಕುಯ್ದ ಕೈಗೆ ಎರಡು ತಂತಿ ಯಾವ ಲೆಕ್ಕ!

ಮೊದಲ ಪಾಠದಲ್ಲೇ ಜಂಬ ಇಳಿಯಿತು. ನಾವು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಪಿಟೀಲಿನ ತಲೆಯನ್ನು ಪಾದಕ್ಕೆ ಆನಿಸಿ ನುಡಿಸುವವರು. ಇಲ್ಲಿ ಕುರ್ಚಿಯ ಅಂಚಿನಲ್ಲಿ ನೆಟ್ಟಗೆ ಕೂತು, ಡಬ್ಬಿಯನ್ನು ಎಡತೊಡೆಯ ಮೇಲಿಟ್ಟು, ಕಮಾನನ್ನು ಅಂಗೈ ಮೇಲ್ಮುಖವಾಗಿ ಹಿಡಿಯಬೇಕು. ನನ್ನ ಕೈ ಹಳೆಯ ಅಭ್ಯಾಸದಂತೆ ತಿರುಗುತ್ತಿತ್ತು, ಕಮಾನು ಎರಡು ತಂತಿಗೂ ತಗುಲಿ ಬೆಕ್ಕಿನ ಬಾಲ ಬಾಗಿಲಿಗೆ ಸಿಕ್ಕಿದಂಥ ಸದ್ದು ಬರುತ್ತಿತ್ತು. ಮಗಳಿಗೆ ಮರೆಯಬೇಕಾದ ಅಭ್ಯಾಸವೇ ಇರಲಿಲ್ಲವಾಗಿ ಅವಳ ಸರದಿಯಲ್ಲಿ ಅದೇ ತಂತಿಯಿಂದ ತೆಳ್ಳಗೆ ನೂಲಿನಂಥ ನಾದ ಹೊರಟಿತು. "ಅಮ್ಮ, ಇಟ್ಸ್ ಸೋ ಈಸಿ!" ಎಂದು ನನ್ನನ್ನು ನೋಡಿ ಕಣ್ಣರಳಿಸಿದಳು.

ಪಾಠದ ಭಾಷೆಯೇ ಒಂದು ಕಥೆ. ಮೇಡಮ್ಮಿಗೆ ಇಂಗ್ಲಿಷ್ ನಾಲ್ಕು ಮಾತು, ನನಗೆ ಚೀನೀ ಸೊನ್ನೆ. ಇಬ್ಬರಿಗೂ ಅಷ್ಟಿಷ್ಟು ಬರುತ್ತಿದ್ದದ್ದು ಅಂಗಡಿ ಬೀದಿಯ ಅರಬ್ಬಿ. ಶುರುಮಾಡಲು "ಯಲ್ಲಾ". ನಿಧಾನಕ್ಕೆ "ಶ್ವಯ್ಯ, ಶ್ವಯ್ಯ". ಸಾಕು ಎನ್ನಲು "ಖಲಾಸ್". ಚೆನ್ನಾಗಿದೆ ಎನ್ನಲು "ಜೇನ್". ಮಗಳಿಗೆ ದಿನಕ್ಕೆರಡು ಜೇನ್ ಸಿಗುತ್ತಿತ್ತು, ನನಗೆ ಬರೀ ಶ್ವಯ್ಯ ಶ್ವಯ್ಯ.

ಅವರು ಸ್ವರ ಬರೆಯುತ್ತಿದ್ದದ್ದು ಅಂಕಿಗಳಲ್ಲಿ. ಒಂದು, ಎರಡು, ಮೂರು, ಐದು, ಆರು. ನಾಲ್ಕು ಇಲ್ಲ, ಏಳು ಇಲ್ಲ. ಅವರು ಅದನ್ನು ಮೇಲೆ ಕೆಳಗೆ ನುಡಿಸಿದಾಗ ನಾನು ಕೂತಲ್ಲೇ ನೆಟ್ಟಗಾದೆ. ಸ ರಿ ಗ ಪ ದ. "ಮೋಹನ!" ಎಂದು ಕೂಗಿದೆ. ಅವರಿಗೆ ಏನೆಂದು ಹೇಳುವುದು? ಕೆಳಗೆ ಓಡಿ ಪಿಟೀಲು ತಂದು ಮೋಹನ ರಾಗ ನುಡಿಸಿದೆ. ಅವರು ತಲೆ ಓರೆ ಮಾಡಿ ಕೇಳಿದರು. ಸ್ವರಗಳು ತಮ್ಮವೇ ಎಂದು ಗೊತ್ತಾಗಿ ಮುಖ ಅರಳಿತು, ನನ್ನ ಗಮಕ ಶುರುವಾದ ಕೂಡಲೇ ಹುಬ್ಬು ಗಂಟಾಯಿತು. ಮೂರನೆಯ ಸ್ವರವನ್ನು ನಾನು ಅಲುಗಿಸಿದಾಗ ನನ್ನ ಬೆರಳನ್ನೇ ಹಿಡಿದು ನಿಲ್ಲಿಸಿ, "ವೈ ಶೇಕ್? ಕೋಲ್ಡ್?" ಎಂದರು.

ಮಗಳು ನೆಲಕ್ಕೆ ಬಿದ್ದು ನಕ್ಕಳು. ಸಂಜೆ ಅಪ್ಪನಿಗೆ ಅದನ್ನು ಮೂರು ಸಲ ಮಾಡಿ ತೋರಿಸಿದಳು.

ಯುಗಾದಿಗೆ ನಮ್ಮ ಕನ್ನಡದವರೆಲ್ಲ ಸೇರಿ ಶಾಲೆಯೊಂದರ ಹಾಲಿನಲ್ಲಿ ಕಾರ್ಯಕ್ರಮ ಇಟ್ಟುಕೊಂಡಿದ್ದರು. ಮಗಳು ಅರ್‌ಹುವಿನಲ್ಲಿ ಮೋಹನದ ಒಂದು ಪುಟ್ಟ ಗೀತೆ ನುಡಿಸುವುದೆಂದಾಯಿತು. ಪರದೆಯ ಪಕ್ಕದಲ್ಲಿ ನಾನು, ಮೊದಲ ಸಾಲಿನಲ್ಲಿ ರೇಷ್ಮೆ ಅಂಗಿ ತೊಟ್ಟ ಮೇಡಮ್. ನಿರೂಪಕರು "ಈಗ ಚೈನೀಸ್ ಪಿಟೀಲು" ಎಂದು ಕೂಗಿದರು. ಜನ ಒಬ್ಬಟ್ಟಿನ ವಾಸನೆ ಬರುತ್ತಿದ್ದ ಕಡೆಯಿಂದ ಒಲ್ಲದ ಮನಸ್ಸಿನಿಂದ ವೇದಿಕೆಯತ್ತ ತಿರುಗಿದರು. ಮಗಳು ಕೂತಳು, ಕಮಾನು ಎತ್ತಿದಳು. ಅಷ್ಟರಲ್ಲಿ ಡಬ್ಬಿಯ ಚರ್ಮದ ಮೇಲೆ ಕೂತು ತಂತಿಗಳನ್ನು ಎತ್ತಿ ಹಿಡಿಯುವ ಮರದ ಪುಟ್ಟ ತುಂಡು, ನಮ್ಮ ಪಿಟೀಲಿನವರು ಕುದುರೆ ಎನ್ನುವುದು, ಟಪ್ಪೆಂದು ಹಾರಿ ಹಲಗೆಗಳ ಸಂದಿಯಲ್ಲಿ ಬಿದ್ದುಹೋಯಿತು.

ತಂತಿಗಳು ಸಡಿಲವಾಗಿ ಜೋತವು. ನಾನು ಹೆಜ್ಜೆ ಇಡುವ ಮೊದಲೇ ಮೇಡಮ್ ವೇದಿಕೆ ಹತ್ತಿದ್ದರು. ಸಭೆಯ ಕಡೆ ತಿರುಗಿ "ಪೆನ್ಸಿಲ್! ಪೆನ್ಸಿಲ್!" ಎಂದರು.

"ಏನಂತೆ?" ಎಂದು ಹಿಂದಿನ ಸಾಲಿನಿಂದ ಒಬ್ಬರು ಮಂಗಳೂರಿನವರು ಕೇಳಿದರು.

"ಪೆನ್ಸಿಲ್ ಬೇಕಂತೆ ಮಾರಾಯ್ರೆ, ಕೊಡಿ ಕೊಡಿ" ಎಂದು ಇನ್ನೊಬ್ಬರು ಎದ್ದರು.

ಯಾರದೋ ಜೇಬಿನಿಂದ ಮೋಟು ಪೆನ್ಸಿಲೊಂದು ಕೈಯಿಂದ ಕೈಗೆ ದಾಟಿ ಬಂತು. ಮೇಡಮ್ ಅದನ್ನು ಲಟಕ್ಕನೆ ಮುರಿದು, ತುಂಡನ್ನು ತಂತಿಗಳ ಕೆಳಗೆ ಅಡ್ಡಕ್ಕೆ ತೂರಿಸಿ, ಬಿರಡೆ ತಿರುಗಿಸಿ, ಕಿವಿ ಹತ್ತಿರ ಹಿಡಿದು ಮೀಟಿ ನೋಡಿ, ಮಗಳ ತೊಡೆಯ ಮೇಲಿಟ್ಟು, "ಯಲ್ಲಾ" ಎಂದರು. ಮಗಳು ನುಡಿಸಿದಳು. ನಾದ ಸ್ವಲ್ಪ ಗೊಗ್ಗರಾಗಿತ್ತು, ನೆಗಡಿಯಾದವರು ಹಾಡಿದ ಹಾಗೆ. ಆದರೆ ಶ್ರುತಿ ತಪ್ಪಲಿಲ್ಲ. ಕೊನೆಯ ಸ್ವರಕ್ಕೆ ಚಪ್ಪಾಳೆ ಬಿದ್ದಾಗ ಮೇಡಮ್ ಎಲ್ಲರಿಗಿಂತ ಜೋರಾಗಿ ತಟ್ಟಿದರು. ಆಮೇಲೆ ಮೂರು ಒಬ್ಬಟ್ಟು ತಿಂದರು, ತುಪ್ಪ ಬೇಡವೆಂದರು.

ಜುಲೈನಲ್ಲಿ ಅವರು ರಜೆಗೆ ಊರಿಗೆ ಹೊರಟರು. ಹೊರಡುವ ಸಂಜೆ ವಾದ್ಯವನ್ನು ಕಪ್ಪು ಪೆಟ್ಟಿಗೆಯಲ್ಲಿಟ್ಟು ನಮ್ಮ ಮನೆಗೆ ತಂದರು. ತಿರುಗಿ ಬರುವವರೆಗೆ ಮಗಳ ಅಭ್ಯಾಸ ನಿಲ್ಲಬಾರದು. ನನ್ನ ಎದೆಯ ಕಡೆ ಬೆರಳು ಮಾಡಿ, "ನೌ ಯೂ ಟೀಚರ್" ಎಂದು ನಕ್ಕರು.

ಆಗಸ್ಟ್ ಹುಟ್ಟುತ್ತಲೇ ಇರಾಕಿನ ಸೇನೆ ಬಂತು. ಆ ದಿನಗಳ ಬಗ್ಗೆ ಎಲ್ಲರೂ ಎಲ್ಲವನ್ನೂ ಹೇಳಿದ್ದಾರೆ. ನನಗೆ ನೆನಪಿರುವುದು ಅಡುಗೆಮನೆಯಲ್ಲಿ ಕೂಡಿಟ್ಟ ನೀರು, ಪಕ್ಕದ ಮನೆಯ ರೇಡಿಯೊ, ಮತ್ತು ಬೆಳಿಗ್ಗೆ ಬಾಗಿಲು ಕಿಟಕಿ ಮುಚ್ಚಿಕೊಂಡು ಮಗಳಿಗೆ ಪಾಠ ಹೇಳಿಕೊಡುತ್ತಿದ್ದದ್ದು. ಶಾಲೆ ಇಲ್ಲ, ಬ್ಯಾಂಕ್ ಮುಚ್ಚಿತ್ತು. ನನ್ನ ಗಂಡ ಸೋಫಾದ ಮೇಲೆ ಕೂತು "ಸ್ವಲ್ಪ ಮೆಲ್ಲಗೆ ನುಡಿಸಮ್ಮ" ಎನ್ನುತ್ತಿದ್ದರು. "ನಿಲ್ಲಿಸು" ಎಂದು ಮಾತ್ರ ಒಂದು ದಿನವೂ ಹೇಳಲಿಲ್ಲ.

ಸೆಪ್ಟೆಂಬರಿನಲ್ಲಿ ಜೋರ್ಡಾನಿನತ್ತ ಹೊರಟ ಬಸ್ಸಿನಲ್ಲಿ ನಮಗೆ ಜಾಗ ಸಿಕ್ಕಿತು. ಕೈಯಲ್ಲಿ ಹೊರುವಷ್ಟೇ ಸಾಮಾನು.

"ಎರಡರಲ್ಲಿ ಒಂದು ತಗೋ" ಎಂದರು ನನ್ನ ಗಂಡ. ಮಂಚದ ಮೇಲೆ ನನ್ನ ಪಿಟೀಲೂ ಅರ್‌ಹುವೂ ಅಕ್ಕಪಕ್ಕ ಇದ್ದವು.

ಮಗಳು ನನ್ನ ಮುಖ ನೋಡಿದಳು. ಪಿಟೀಲು ನನ್ನ ತಂದೆ ಕೊಡಿಸಿದ್ದು. ಅರ್‌ಹು ಇನ್ನೊಬ್ಬರದು, ನಂಬಿ ಬಿಟ್ಟುಹೋದದ್ದು. ನಮ್ಮದನ್ನು ಕಳೆದುಕೊಂಡರೆ ನಾವು ಅಳಬಹುದು, ಅವರದನ್ನು ಕಳೆದರೆ ಏನು ಹೇಳುವುದು? ಪಿಟೀಲನ್ನು ಸೀರೆಯಲ್ಲಿ ಸುತ್ತಿ ಅಟ್ಟದ ಮೇಲಿಟ್ಟು ಬೀಗ ಹಾಕಿಕೊಂಡು ಹೊರಟೆ. ಮೆಟ್ಟಿಲಿಳಿಯುವಾಗ ಕಣ್ಣು ಮಂಜಾಗಿತ್ತು. ಕೈಗಂಬಿ ಹಿಡಿದುಕೊಂಡೇ ಇಳಿದೆ.

ದಾರಿಯಲ್ಲಿ ಒಂದು ತಪಾಸಣೆ ಗೇಟಿನಲ್ಲಿ ಸೈನಿಕನೊಬ್ಬ ಕಪ್ಪು ಪೆಟ್ಟಿಗೆ ನೋಡಿ ಬಂದೂಕು ಸರಿಮಾಡಿಕೊಂಡ. ತೆಗೆಯಲು ಹೇಳಿದ. ತೆಗೆದೆ. ಅವನ ಮುಖ ಒಮ್ಮೆಲೇ ಸಡಿಲವಾಯಿತು. "ರಬಾಬಾ!" ಎಂದ. ಅವರ ಮರಳುಗಾಡಿನ ಜನ ನುಡಿಸುವ ಒಂದೇ ತಂತಿಯ ವಾದ್ಯ ಅದು. ಜೊತೆಯವನನ್ನು ಕರೆದು ಎರಡು ತಂತಿ ಇದೆಯೆಂದು ತೋರಿಸಿ, ಏನೋ ತಮಾಷೆ ಮಾಡಿ ನಕ್ಕು, ನಮ್ಮನ್ನು ಬಿಟ್ಟ. ಬಸ್ಸು ಹೊರಟ ಮೇಲೆ ನನ್ನ ಗಂಡ ಬೆವರು ಒರೆಸಿಕೊಂಡು, "ನಿನ್ನ ಪಿಟೀಲಾಗಿದ್ರೆ ಅವನಿಗೆ ಗುರುತು ಸಿಗ್ತಿರಲಿಲ್ಲ ಬಿಡು" ಎಂದು ನನ್ನನ್ನು ಸಮಾಧಾನ ಮಾಡಿದರು.

ಜೋರ್ಡಾನಿನ ನಿರಾಶ್ರಿತರ ಡೇರೆಗಳ ಧೂಳು, ಬೊಂಬಾಯಿಯ ವಿಮಾನ, ರೈಲು, ಮೈಸೂರು. ಅಲ್ಲಿ ಇನ್ನೊಂದು ತಪಾಸಣೆ ಕಾದಿತ್ತು, ನಮ್ಮ ಅತ್ತೆಯವರದು. ಅರ್‌ಹುವಿನ ಡಬ್ಬಿಗೆ ಬಿಗಿದದ್ದು ಹಾವಿನ ಚರ್ಮ ಎಂದು ಮಗಳು ಹೆಮ್ಮೆಯಿಂದ ಅಜ್ಜಿಗೆ ಹೇಳಿಬಿಟ್ಟಳು.

"ಅಯ್ಯೋ ಸುಬ್ರಹ್ಮಣ್ಯ! ನಾಗಪ್ಪನ್ನ ಸುಲಿದು ಸಂಗೀತವಾ? ಒಳಗೆ ತರಬೇಡಿ ಅದನ್ನ!"

"ಅಮ್ಮ, ಮೃದಂಗಕ್ಕೇನು ಬಾಳೆಲೆ ಕಟ್ಟಿದ್ದಾರಾ?" ಎಂದರು ನನ್ನ ಗಂಡ.

ಅತ್ತೆ ಹಟ ಬಿಡಲಿಲ್ಲ. ಅಭ್ಯಾಸವೆಲ್ಲ ತಾರಸಿಯ ಮೇಲೆ ಎಂದು ತೀರ್ಮಾನವಾಯಿತು. ಒಂದು ವರ್ಷಕ್ಕೂ ಮಿಕ್ಕಿ ನಾನು ಅಲ್ಲಿ, ಒಣಹಾಕಿದ ಸಂಡಿಗೆಯ ಪಕ್ಕ ಕೂತು ಮಗಳಿಗೆ ಕಲಿಸಿದೆ. ನನಗೆ ಗೊತ್ತಿದ್ದ ಚೀನೀ ಪಾಠ ದೀಪಾವಳಿಯ ಹೊತ್ತಿಗೆ ಮುಗಿದುಹೋಯಿತು. ಆಮೇಲೆ ಕಲಿಸಿದ್ದೆಲ್ಲ ನಮ್ಮದೇ: ಸರಳೆ, ಜಂಟಿ, ಗೀತೆ, ಕೊನೆಗೆ ಒಂದು ವರ್ಣ. ಕೆಲವು ಸಂಜೆ ಅತ್ತೆ ಸಂಡಿಗೆ ತಿರುವಿಹಾಕುವ ನೆಪದಲ್ಲಿ ಬಂದು ಬಹಳ ಹೊತ್ತು ತಿರುವಿಹಾಕುತ್ತಿದ್ದರು.

1991ರ ಕೊನೆಯಲ್ಲಿ ಬ್ಯಾಂಕು ಕರೆಸಿಕೊಂಡಿತು. ಖೈತಾನಿನ ಮನೆಯ ಬಾಗಿಲು ಮುರಿದಿತ್ತು. ಅಟ್ಟ ಖಾಲಿ. ಸುತ್ತಿದ್ದ ಸೀರೆಯೂ ಇರಲಿಲ್ಲ. ಉರಿದ ತೈಲಬಾವಿಗಳ ಹೊಗೆಯಿಂದ ಗೋಡೆಗೆ ಹಿಡಿದ ಮಸಿಯನ್ನು ಒಂದು ವಾರ ತಿಕ್ಕಿದೆ. ಮೇಲಿನ ಮನೆಯಲ್ಲಿ ಯಾರೂ ಇರಲಿಲ್ಲ.

ಮೇಡಮ್ ಸಿಕ್ಕಿದ್ದು ಜಮಿಯಾದಲ್ಲಿ, ಅಂದರೆ ಬಡಾವಣೆಯ ದೊಡ್ಡ ಸಹಕಾರಿ ಅಂಗಡಿಯಲ್ಲಿ, ಎಲೆಕೋಸಿನ ಗುಡ್ಡೆಯ ಆಚೆ. ನಾಲ್ಕು ಬೀದಿ ದಾಟಿ ಹೊಸ ಮನೆ ಮಾಡಿದ್ದರಂತೆ. ನನ್ನನ್ನು ನೋಡಿ ಕೋಸನ್ನು ಕೈಬಿಟ್ಟರು. ಮಗಳನ್ನು ನೋಡಿ, ಅವಳು ಬೆಳೆದ ಎತ್ತರವನ್ನು ಕೈಯಲ್ಲಿ ಅಳೆದರು. ಇಬ್ಬರನ್ನೂ ಬಾಚಿ ತಬ್ಬಿಕೊಂಡರು.

ಅಂದೇ ಸಂಜೆ ಪೆಟ್ಟಿಗೆ ಒಯ್ದು ಕೊಟ್ಟೆವು. ಅವರು ಅದನ್ನು ತೆರೆದು ಚರ್ಮದ ಮೇಲೆ ಅಂಗೈ ಆಡಿಸಿ, ತಂತಿಗಳನ್ನು ಮೀಟಿ ನೋಡಿದರು. ಮಗಳ ಕೈಗಿಟ್ಟು ನುಡಿಸಲು ಹೇಳಿದರು. ಅವಳು ವರ್ಣವನ್ನೇ ಎತ್ತಿಕೊಂಡಳು! ಮೇಡಮ್ ಕಣ್ಣು ಮುಚ್ಚಿ ಪೂರ್ತಿ ಕೇಳಿದರು. ಕೊನೆಗೆ ಮಗಳ ಕಮಾನು ಹಿಡಿದ ಬಲಗೈ ಎತ್ತಿ ಹಿಡಿದು "ಚೈನಾ. ಜೇನ್" ಎಂದರು. ಸ್ವರ ಅಲುಗಿಸಿದ ಎಡಗೈ ಹಿಡಿದು "ಇಂಡಿಯಾ" ಎಂದು ನನ್ನತ್ತ ನೋಡಿದರು. ಒಂದು ಗಳಿಗೆ ಬಿಟ್ಟು, "ಆಲ್ಸೋ ಜೇನ್."

ಅವರ ಕಂಪನಿಯವರ ಮಕ್ಕಳೂ ಅಕ್ಕಪಕ್ಕದ ನಮ್ಮವರ ಮಕ್ಕಳೂ ಸೇರಿ ಕಲಿಯಲು ಬರುವವರು ಹೆಚ್ಚಾಗಿದ್ದರು. ಹೊಸಬರನ್ನು ನೀವು ನೋಡಿಕೊಳ್ಳಿ ಎಂದು ಮೇಡಮ್ ಒಂದು ಹಳೆಯ ಅರ್‌ಹು ನನ್ನ ಕೈಗೆ ಕೊಟ್ಟರು. ಮುಂದಿನ ಶುಕ್ರವಾರ ಸಂಜೆ ನನ್ನ ಹಜಾರದಲ್ಲಿ ಮಂಗಫ್ ಬಡಾವಣೆಯಿಂದ ಬಂದ ಉಡುಪಿ ಕಡೆಯವರ ಪುಟ್ಟ ಹುಡುಗಿ, ಕಾಲು ನೆಲಕ್ಕೆ ಎಟುಕದೆ, ಕುರ್ಚಿಯ ಅಂಚಿನಲ್ಲಿ ಕೂತಿತ್ತು. ವಾದ್ಯವನ್ನು ಮೇಲೆ ಕೆಳಗೆ ನೋಡಿ ಕೇಳಿತು:

"ಆಂಟಿ, ವೇರ್ ಆರ್ ದಿ ಅದರ್ ಸ್ಟ್ರಿಂಗ್ಸ್?"

"ಇಷ್ಟೇ ಮರಿ. ಬೆನ್ನು ನೆಟ್ಟಗೆ ಮಾಡ್ಕೋ" ಎಂದು ಅದರ ಕಾಲ ಕೆಳಗೆ ಒಂದು ಮಣೆ ಇಟ್ಟೆ.