ನೇಪಾಳಕ್ಕೂ ಮುಂಚೆ ದೌಲತಾಬಾದ್

ನಾಶಿಕದ ಶಾಲೆಯೊಂದರಲ್ಲಿ ನಾನು ಭೂಗೋಳ ಕಲಿಸುತ್ತಿದ್ದೆ. ತೊಂಬತ್ತರ ದಶಕದ ಆರಂಭದಲ್ಲಿ ಮಕ್ಕಳನ್ನು ನೇಪಾಳಕ್ಕೆ ಕರೆದೊಯ್ಯುವ ಹುಚ್ಚು ಹಿಡಿಯಿತು. ಪಾಸ್‌ಪೋರ್ಟ್ ಬೇಡ, ಗೋರಖಪುರದವರೆಗೆ ರೈಲು, ಆಮೇಲೆ ಬಸ್ಸು. ಪರದೇಶವೂ ಆಯಿತು, ಹಿಮಾಲಯವೂ ಆಯಿತು. ನಕಾಶೆಯ ಮೇಲೆ ಬೆರಳಾಡಿಸಿ ಆಡಿಸಿ ನನಗೇ ಬೇಸರ ಬಂದಿತ್ತು.

ಗಂಡುಮಕ್ಕಳ ಮನೆಯವರು ಹೂಂ ಅಂದುಬಿಟ್ಟರು. ಹೆಣ್ಣುಮಕ್ಕಳದೇ ದೊಡ್ಡ ಪಂಚಾಯ್ತಿ. ನನ್ನ ಹಾಗೇ ವಿಜಾಪುರದ ಕಡೆಯವರು, ವರ್ಗವಾಗಿ ಬಂದಿದ್ದ ಬ್ಯಾಂಕಿನವರೊಬ್ಬರು, "ನಮ್ಮಾಕಿ ಭಾಳ ಅಂಜುಬುರಕಿ ಅದಾಳ್ರೀ ಟೀಚರ್. ಪರದೇಶದಾಗ ಅಳ್ಕೋತ ಕುಂತ್ರ ಏನ್ಮಾಡ್ತೀರಿ?" ಎಂದರು. ಮಗಳೋ, ನೇಪಾಳದ ಚಿತ್ರಗಳನ್ನು ಕತ್ತರಿಸಿ ಪುಸ್ತಕದ ತುಂಬ ಅಂಟಿಸಿಕೊಂಡಿದ್ದಳು.

"ಪರೀಕ್ಷಾ ಮಾಡೇ ಕರ್ಕೊಂಡು ಹೋಗ್ತೀನ್ರಿ" ಎಂದೆ. ಆಗಿನ ಔರಂಗಾಬಾದಿಗೆ ಬಸ್ಸು ಮಾಡಿಕೊಂಡು ಹೋಗಿ ದೌಲತಾಬಾದ್ ಕೋಟೆ ಹತ್ತಿಸುವುದು. ಅತ್ತು ಕೂತವರ ಹೆಸರು ನೇಪಾಳದ ಪಟ್ಟಿಯಿಂದ ಹೊಡೆದುಹಾಕುವೆನೆಂದು ಬಸ್ಸಿನಲ್ಲಿ ಮರಾಠಿಯಲ್ಲಿ ಗುಡುಗಿದೆ. ನನ್ನ ಗಂಟಲಿಗೆ ಮೈಕ್ ಬೇಕಾಗಿರಲಿಲ್ಲ.

ನನ್ನ ಲೆಕ್ಕವೆಲ್ಲ ಎತ್ತರದ್ದು. ಯಾರಿಗೆ ಏದುಸಿರು ಬರುತ್ತದೆ, ಯಾರ ಕಾಲು ನೋಯುತ್ತದೆ, ಅಷ್ಟೇ. ಕೋಟೆಯ ನಡುವೆ ಬಂಡೆ ಕೊರೆದು ಮಾಡಿದ ಕತ್ತಲದಾರಿಯೊಂದಿದೆ ಎಂದು ಓದಿದ್ದೆನೇ ಹೊರತು ಅದರೊಳಗೆ ಕಾಲಿಟ್ಟವಳಲ್ಲ.

ಆ ದಾರಿಯ ಬಾಯಲ್ಲೇ ಬ್ಯಾಂಕಿನವರ ಮಗಳು ಕುಸಿದು ಕೂತಳು. "ಒಲ್ಲೆ ಟೀಚರ್, ಒಲ್ಲೆ" ಎಂದು ಒಂದೇ ಸಮ ಅಳು. ನನಗೆ ಪಿತ್ತ ನೆತ್ತಿಗೇರಿತು. "ನಾಚಿಗಿ ಬರೂದಿಲ್ಲೇನ ನಿನಗ? ಹೋತು ನೋಡು ನಿನ್ನ ಹೆಸರು!" ಎಂದು ಎಲ್ಲರೆದುರಿಗೇ ಕೂಗಿ, ಅವಳನ್ನು ಶಾಲೆಯ ಆಯಾಳ ಜೊತೆ ಅಲ್ಲೇ ಬಿಟ್ಟೆ. ಇನ್ನೊಬ್ಬ ಶಿಕ್ಷಕರು ಮಕ್ಕಳ ಸಾಲನ್ನು ಮುಂದೆ ನಡೆಸಿದರು. ಕೊನೆಯಲ್ಲಿ ನಾನು.

ಒಂದು ತಿರುವು ದಾಟಿದ್ದೇ ತಡ, ಕಣ್ಣು ಮುಚ್ಚಿದರೂ ಒಂದೇ, ತೆರೆದರೂ ಒಂದೇ. ಮುಂದಿನವರ ಟಾರ್ಚಿನ ಬೆಳಕು ಮಾಯವಾಯಿತು. ತಲೆಯ ಮೇಲೆ ಬಾವಲಿಗಳು ಪಟಪಟ ಎಂದವು. ಅಯ್ಯೋ, ನನ್ನ ಕೈಕಾಲೇ ಆಡಲಿಲ್ಲ! ಒದ್ದೆ ಮೆಟ್ಟಿಲ ಮೇಲೆ ಕುಕ್ಕರಿಸಿ "ಅವ್ವಾ!" ಎಂದು ಕಿರುಚಿದೆ. ಆಮೇಲೆ ಅಳು ನಿಲ್ಲಲೇ ಇಲ್ಲ. ಹಿಂದಿನಿಂದ ಬರುತ್ತಿದ್ದ ಯಾರೋ ಪ್ರವಾಸಿಗರು ರಟ್ಟೆ ಹಿಡಿದು ನನ್ನನ್ನು ಬಂದ ದಾರಿಯಲ್ಲೇ ಹೊರಗೆ ತಂದು ಕೂರಿಸಿದರು. ಸರಿಯಾಗಿ ಆ ಹುಡುಗಿಯ ಪಕ್ಕದಲ್ಲಿ.

ಆಯಾ ನೀರು ಕೊಟ್ಟಳು. ಹುಡುಗಿ ತನ್ನ ಅಳು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದಳು. ಮೆಲ್ಲಗೆ ಕೇಳಿದಳು: "ಟೀಚರ್, ನಿಮ್ಮ ಹೆಸರೂ ಹೊಡೀತಾರೇನ್ರಿ?"

ಚೇಷ್ಟೆಯಲ್ಲ, ಪಾಪ, ಕಳವಳದಿಂದಲೇ ಕೇಳಿದ್ದಳು. ನನಗೆ ಮುಖ ಎಲ್ಲಿಟ್ಟುಕೊಳ್ಳಲಿ ಎನಿಸಿತು. "ಯಾರ ಹೆಸರೂ ಹೊಡಿಯೂದಿಲ್ಲವ್ವ" ಎಂದೆ. ಇಬ್ಬರೂ ಕೂತು ಚಪಾತಿ, ಶೇಂಗಾ ಚಟ್ನಿ ತಿಂದೆವು.

ನಾಶಿಕಕ್ಕೆ ಮರಳಿದಾಗ ಶಾಲೆಯ ಗೇಟಿನಲ್ಲಿ ಅವಳ ಅಪ್ಪ ಸ್ಕೂಟರಿಗೆ ಒರಗಿ ನಿಂತಿದ್ದರು. ಸುತ್ತ ಉಳಿದ ಮಕ್ಕಳ ಅಪ್ಪ-ಅಮ್ಮಂದಿರು.

"ಹೆಂಗ್ರೀ ಟೀಚರ್, ಅತ್ತಳೇನು ನಮ್ಮಾಕಿ?"

"ಅತ್ತಳ್ರಿ. ನಾನೂ ಅತ್ತೆ" ಎಂದೆ, ನೆಲ ನೋಡುತ್ತ.

ಅವರು ಹೊಟ್ಟೆ ಹಿಡಿದು ನಕ್ಕರು. "ಭಾಳ ಚಾಷ್ಟಿ ಮಾಡ್ತೀರಿ ಬಿಡ್ರಿ ನೀವು!"

"ಖರೇನ ಅಪ್ಪಾ" ಎಂದಳು ಮಗಳು, "ನನಕಿಂತ ಜೋರ ಅತ್ರು. ಅವ್ವಾ ಅಂತ ಒದರಿದ್ರು."

ನಗು ನಿಂತಿತು. ಎಲ್ಲರೂ ನನ್ನತ್ತ ತಿರುಗಿದರು. ಕಿವಿಯವರೆಗೂ ಬಿಸಿಯೇರಿತು. "ಹೌದ್ರಿ" ಎಂದೆ. ಇನ್ನೇನು, ಈ ಹುಡುಗಿಯ ನೇಪಾಳ ನನ್ನಿಂದಲೇ ಮುಳುಗಿತು ಎಂದುಕೊಂಡೆ.

ಅವರು ಸ್ಕೂಟರ್ ಚಾಲೂ ಮಾಡಿ, ಮಗಳನ್ನು ಹಿಂದೆ ಕೂರಿಸಿಕೊಂಡು, ಬಹಳ ಮರ್ಯಾದೆಯಿಂದಲೇ ಹೇಳಿದರು:

"ಹಂಗಾರ ನಮ್ಮಾಕೀನ ಕರ್ಕೊಂಡು ಹೋಗ್ರಿ ಟೀಚರ್. ಅಲ್ಲಿ ನಿಮ್ಮನ್ನ ನೋಡ್ಕೊಳ್ಳಾಕ ಒಬ್ಬರು ಬೇಕಲ್ಲ."